ಬಲಗಾಲಿನ ಸದ್ದು

ಶನಿವಾರ ಬೆಳಿಗ್ಗೆ ಏಳೂವರೆಗೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಕರೆಂಟ್ ಹೋಯಿತು. ಟಿ.ವಿ.ಯಲ್ಲಿ ದಿನಭವಿಷ್ಯ ಹೇಳುತ್ತಿದ್ದವನ ಮಾತು ಅರ್ಧಕ್ಕೇ ನಿಂತಿತು. ಫ್ಯಾನು ನಾಲ್ಕು ಸುತ್ತು ಸುಮ್ಮನೆ ಸುತ್ತಿ ನಿಂತಿತು. ಚಟ್ನಿ ರುಬ್ಬುತ್ತಿದ್ದ ಮಿಕ್ಸಿಯೂ ಸುಮ್ಮನಾಯಿತು. ಹಾಗೆ ಮನೆಯೆಲ್ಲ ಒಮ್ಮೆಗೇ ಮೌನವಾದಾಗ ನಂದಿತಾಳ ಕಿವಿಗೆ ಅದು ಬಿತ್ತು.

ಟಿಕ್.

ಅವಳ ಮಾವ ಶಿವಮೂರ್ತಿ ಹಾಲಿನಿಂದ ದೇವರ ಮನೆಯ ಕಡೆ ನಡೆಯುತ್ತಿದ್ದರು. ಎಡಗಾಲು ಊರಿದರೆ ಸದ್ದಿಲ್ಲ. ಬಲಗಾಲು ಊರಿದರೆ ಟೈಲ್ಸಿನ ಮೇಲೆ ಟಿಕ್. ಮತ್ತೆ ಎಡ, ಸದ್ದಿಲ್ಲ. ಮತ್ತೆ ಬಲ, ಟಿಕ್. ಉಗುರು ಬೆಳೆದಿರಬೇಕು ಎಂದುಕೊಂಡಳು. ಆದರೆ ಉಗುರಿನ ಸದ್ದು ಹೀಗಿರುವುದಿಲ್ಲ. ಇದು ಲೋಹದ ಸದ್ದು, ತೀರ ಸಣ್ಣದು, ಯಾರೋ ಒಂದು ರೂಪಾಯಿ ನಾಣ್ಯವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಂತೆ.

ಅವಳ ಕಣ್ಣು ತಾನಾಗಿಯೇ ಹಾಲಿನ ಗೋಡೆಯ ಬೋರ್ಡಿಗೆ ಹೋಯಿತು. ಕರೆಂಟ್ ಬಿಲ್ಲು, ಗ್ಯಾಸ್ ಚೀಟಿ ಸಿಕ್ಕಿಸಲೆಂದು ಅವಳೇ ತೂಗುಹಾಕಿದ್ದ ಬೋರ್ಡು ಅದು. ಗುರುವಾರ ಸಂಜೆ ಹಳೆಯ ಬಿಲ್ಲು ತೆಗೆಯುವಾಗ ಹಿತ್ತಾಳೆ ಬಣ್ಣದ ಬೋರ್ಡ್ ಪಿನ್ನೊಂದು ಕೈಜಾರಿ ಬಿದ್ದಿತ್ತು. ಮೊಬೈಲ್ ಟಾರ್ಚು ಹಾಕಿ ಹುಡುಕಿದ್ದಳು, ಪೊರಕೆ ಆಡಿಸಿದ್ದಳು, ಸೋಫಾದ ಕೆಳಗೆ ಕೈ ತೂರಿಸಿದ್ದಳು. ಸಿಕ್ಕಿರಲಿಲ್ಲ. ಎಲ್ಲೋ ಸಂದಿಯಲ್ಲಿ ಸೇರಿರಬೇಕೆಂದು ಸುಮ್ಮನಾಗಿದ್ದಳು.

ಆ ಪಿನ್ನೇ ಇರಬಹುದೇ? ಆದರೆ ಪಿನ್ನು ಚುಚ್ಚಿದ್ದರೆ ಮನುಷ್ಯ ಕೂಗಿಕೊಳ್ಳುವುದಿಲ್ಲವೇ? ಒಂದು ಹೆಜ್ಜೆಯಾದರೂ ಕುಂಟುವುದಿಲ್ಲವೇ? ಮಾವ ದೇವರ ಮನೆಯಿಂದ ವಿಭೂತಿ ಹಚ್ಚಿಕೊಂಡು, ಬಾಯಲ್ಲಿ ಏನೋ ಗುನುಗುತ್ತ ಬರುತ್ತಿದ್ದರು. ಟಿಕ್. ಟಿಕ್.

ಆ ದಿನವೇ ಅವರು ನಡೆದು ಹೊರಡುವ ದಿನ.

ಅದೊಂದು ಹರಕೆ. ಶಿವಮೂರ್ತಿಯವರಿಗೆ ಶುಗರ್ ಬಂದು ಹನ್ನೊಂದು ವರ್ಷ. ಕಳೆದ ಎರಡು ವರ್ಷ ಅಂಗಾಲು ಉರಿಯೋ ಉರಿ. ಕೆಂಡದ ಮೇಲೆ ನಿಂತಂತೆ ಆಗುತ್ತದೆಂದು ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಆಗ ಗುಬ್ಬಿಯಲ್ಲಿ ಅವರ ತೆಂಗಿನ ತೋಟದ ಪಕ್ಕದ ತೋಟದವರಾದ ವೀರಭದ್ರಯ್ಯ ಹರಳೆಣ್ಣೆಗೆ ಯಾವುಯಾವುದೋ ಸೊಪ್ಪು ಕಾಯಿಸಿ ಸೇರಿಸಿದ ಎಣ್ಣೆಯ ಬಾಟಲಿ ತಂದುಕೊಟ್ಟರು. ಮಾವ ಅದನ್ನು ಹಚ್ಚುತ್ತ ಹರಕೆಯನ್ನೂ ಹೊತ್ತರು: ಉರಿ ನಿಂತರೆ ತುಮಕೂರಿನಿಂದ ಎಡೆಯೂರಿನ ದೇವಸ್ಥಾನದ ತನಕ ಬರಿಗಾಲಲ್ಲಿ ನಡೆದು ಬರುತ್ತೇನೆ. ಯುಗಾದಿ ಕಳೆದು ಒಂದು ತಿಂಗಳಿಗೆ ಉರಿ ನಿಂತೇಹೋಯಿತು. ಎಣ್ಣೆಯೇ ಇಷ್ಟು ಕೆಲಸ ಮಾಡುವಾಗ ಮಾತ್ರೆ ಯಾಕೆಂದು ಬೆಳಗಿನ ಮಾತ್ರೆಯನ್ನೂ ಬಿಟ್ಟರು. ಮೂರು ದಿನದ ನಡಿಗೆ. ಈ ಸಂಜೆ ನಾಲ್ಕಕ್ಕೆ ವೀರಭದ್ರಯ್ಯನವರ ಜೊತೆ ಹೊರಟು ಗೂಳೂರಿನಲ್ಲಿ ತಂಗುವುದು, ನಾಳೆ ಸಂಜೆಗೆ ಕುಣಿಗಲ್ಲಿನಲ್ಲಿ ನಂದಿತಾಳ ತವರಿನಲ್ಲಿ ಊಟ, ಸೋಮವಾರ ಎಡೆಯೂರು.

ಬೋರ್ಡ್ ಪಿನ್ನಿನ ಮೇಲೆ ಅಷ್ಟು ದೂರ.

ತಿಂಡಿಗೆ ಕೂತಾಗ ಅವಳು ಧೈರ್ಯ ಮಾಡಿದಳು. ಮದುವೆಯಾಗಿ ಆರು ತಿಂಗಳಲ್ಲಿ ಮಾವನ ಜೊತೆ ಅವಳು ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಪುಟ ತುಂಬುತ್ತಿರಲಿಲ್ಲ.

"ಮಾವ, ಕಾಲು..."

"ಕಾಲಾ?" ಶಿವಮೂರ್ತಿಯವರ ಮುಖ ಅರಳಿತು. "ಬೆಣ್ಣೆ ಇದ್ದಂಗಿದೆ ಕಣವ್ವ! ಆರು ತಿಂಗಳ ಹಿಂದೆ ನೀನು ಬಂದಾಗ ನೋಡಿದ್ಯಲ್ಲ, ಹೆಂಗೆ ಒದ್ದಾಡ್ತಿದ್ದೆ? ಈಗ ಕಾಲಿದೆ ಅನ್ನೋದೇ ಗೊತ್ತಾಗಲ್ಲ. ವೀರಭದ್ರನ ಎಣ್ಣೆ ಅಂದ್ರೆ ಎಣ್ಣೆ! ನಿಮ್ಮಪ್ಪಂಗೂ ಒಂದು ಬಾಟ್ಲಿ ಇಟ್ಕೊಂಡಿದೀನಿ."

"ಅದಲ್ಲ ಮಾವ..."

"ಇನ್ನೊಂದು ಇಡ್ಲಿ ಹಾಕು."

ಅತ್ತೆ ಸುಬ್ಬಲಕ್ಷ್ಮಮ್ಮ ಒಳಗಿನಿಂದಲೇ ನಕ್ಕರು. "ಅಬ್ಬ, ಇವತ್ತು ನಮ್ಮ ಸೊಸೆ ಬಾಯಿಂದ ಮೂರು ಮಾತು ಬಂತು! ಅಲ್ಲಾ ಕಣೇ, ಹೊರಡೋ ಹೊತ್ತಲ್ಲಿ ಅವರನ್ನ ಏನೂ ಕೇಳ್ಬೇಡ. ನಿಲ್ಸಿ ಕೇಳಿದ್ರೆ ಹೋದ ಕೆಲಸ ಆಗಲ್ಲ ಅಂತಾರೆ."

ಅವಳು ಇಡ್ಲಿ ಬಡಿಸಿದಳು. ಬಗ್ಗಿದಾಗ ಮಾವನ ಕಾಲಿನತ್ತ ಕಣ್ಣು ಹಾಯಿಸಿದಳು. ಪಂಚೆಯ ಅಂಚಿನಡಿ ಪಾದದ ಮೇಲ್ಭಾಗವಷ್ಟೇ ಕಂಡಿತು. ಹಬ್ಬಹಬ್ಬಕ್ಕೂ ಅವಳು ಹಣೆ ಮುಟ್ಟಿಸಿದ ಪಾದಗಳೇ ಅವು. ಅವುಗಳ ಅಂಗಾಲನ್ನು ಒಮ್ಮೆಯೂ ನೋಡಿರಲಿಲ್ಲ. ಸೊಸೆಯಾದವಳು ನೋಡುವಂಥದ್ದೂ ಅಲ್ಲ ಅದು.

ಗಂಡ ಚಂದ್ರುವಿಗೆ ಮೆಸೇಜ್ ಹಾಕಿದಳು. ಅವನು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟಿಗೆ ಹೋಗಿದ್ದ. 'ಮಾವನ ಕಾಲಲ್ಲಿ ಏನೋ ಚುಚ್ಚಿದೆ ಅನ್ಸುತ್ತೆ. ನಡೆಯೋದು ಬೇಡ ಅಂತ ನೀವೇ ಹೇಳಿ.' ಹತ್ತು ನಿಮಿಷದ ಮೇಲೆ ಅವನಿಂದ ಎರಡು ಕೈ ಮುಗಿದ ಚಿತ್ರ ಬಂತು. ಅದರ ಕೆಳಗೆ, 'ಚುಚ್ಚಿದ್ರೆ ಅಪ್ಪ ಊರಿಗೆಲ್ಲ ಕೇಳೋ ಹಂಗೆ ಕೂಗ್ತಿದ್ರು ಬಿಡು. ಮೂರು ಗಂಟೆಗೆ ಬರ್ತೀನಿ.'

ಅದೇ ತಾನೇ ಭಯ. ಕೂಗಲಿಲ್ಲವಲ್ಲ.

ಕರೆಂಟ್ ಬಂತು. ಟಿ.ವಿ., ಫ್ಯಾನು, ಮಿಕ್ಸಿ, ಎಲ್ಲವೂ ಒಟ್ಟಿಗೇ ಬಾಯಿಬಿಟ್ಟವು. ಆದರೂ ಅವಳಿಗೆ ಆ ಸದ್ದು ಕೇಳುತ್ತಲೇ ಇತ್ತು. ಬಟ್ಟೆ ಒಣಹಾಕಲು ಮಹಡಿಗೆ ಹೋದರೂ, ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟರೂ. ನೆಲ ಒರೆಸುವಾಗ ಮಾವ ನಡೆದ ಜಾಗವನ್ನೆಲ್ಲ ಬಗ್ಗಿ ಬಗ್ಗಿ ನೋಡಿದಳು. ದೇವರ ಮನೆಯ ಹೊಸ್ತಿಲ ಬಳಿ ಕಡಲೆಕಾಳಿನಷ್ಟು ಒಂದು ತೇವದ ಗುರುತು. ನೀರಿನದಲ್ಲ, ಒರೆಸಿದರೆ ಬಟ್ಟೆಗೆ ತೆಳು ಹಳದಿ ಅಂಟಿತು.

ಬಟ್ಟೆಯನ್ನು ಮುದುರಿ ಕೈಯಲ್ಲಿ ಹಿಡಿದೇ ಮಹಡಿಗೆ ಓಡಿ ಪುಟ್ಟಗಂಗಮ್ಮನಿಗೆ ಫೋನ್ ಮಾಡಿದಳು.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ನಂದಿತಾ ಕುಣಿಗಲ್ಲಿನ ಆಸ್ಪತ್ರೆಯೊಂದರಲ್ಲಿ ಶುಗರ್, ಬಿ.ಪಿ. ಇದ್ದವರ ಹೆಸರನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಮಾಡಿದ್ದಳು. ಪುಟ್ಟಗಂಗಮ್ಮ ಅಲ್ಲಿನ ನರ್ಸು. ಬಂದವರಿಗೆಲ್ಲ ಮೊದಲು ಚಪ್ಪಲಿ ಬಿಡಿಸಿ ಅಂಗಾಲು ನೋಡುತ್ತಿದ್ದ ಹೆಂಗಸು. ನಂದಿತಾ ಪರದೆಯ ಹಿಂದೆ ಕೂತು ಟೈಪ್ ಮಾಡುತ್ತ ಅವಳ ಬೈಗುಳವನ್ನೆಲ್ಲ ಕೇಳಿಸಿಕೊಂಡವಳು.

"ಯಾರು, ನಂದಿತಾನಾ? ನೀನು ಫೋನ್ ಮಾಡೋದೂ ಉಂಟಾ? ಏನಾಯ್ತೇ?"

ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪುಟ್ಟಗಂಗಮ್ಮನ ದನಿಯಿಂದ ನಗು ಮಾಯವಾಯಿತು.

"ಉರಿ ನಿಂತಿದ್ದು ಯಾವಾಗ?"

"ಯುಗಾದಿ ಆದ್ಮೇಲೆ."

"ಮಾತ್ರೆ ಬಿಟ್ಟವ್ರಾ?"

"ಬೆಳಿಗ್ಗೇದು ತಗೊಳ್ತಿಲ್ಲ."

"ನೋಡೇ, ಶುಗರ್ ಹತೋಟಿಗೆ ಬಂದು ಉರಿ ಕಮ್ಮಿಯಾದ್ರೆ ಅದು ಬೇರೆ. ಮಾತ್ರೆನೂ ಬಿಟ್ಟು ಉರಿನೂ ಹೋಯ್ತು ಅಂದ್ರೆ ನಂಗೆ ಭಯ. ಉರಿಯೋ ಕಾಲಿಗೆ ಇನ್ನೂ ನರ ಮಾತಾಡ್ತದೆ. ಸುಮ್ನಾದ ಕಾಲಿಗೆ ಕೆಂಡ ಇಟ್ರೂ ಗೊತ್ತಾಗಲ್ಲ. ಅಂಥ ಕಾಲಲ್ಲಿ ಬರಿಗಾಲಲ್ಲಿ ಎಡೆಯೂರಿಗಾ? ಬಿಸಿಲಿಗೆ ಟಾರು ಹೆಂಗೆ ಕಾಯ್ತದೆ ಗೊತ್ತಲ್ಲ? ಹೊರಡೋಕೆ ಮುಂಚೆ ಅಂಗಾಲು ನೋಡ್ಲೇಬೇಕು ನೀನು."

"ಹೆಂಗೆ ಸಿಸ್ಟರ್? ಮಾವ ಅವರು."

"ಮಾವನ ಕಾಲಿಗೆ ಬೀಳೋಕೆ ಬರ್ತದೆ, ನೋಡೋಕೆ ಬರಲ್ವಾ?" ಪುಟ್ಟಗಂಗಮ್ಮ ಗದರಿದಳು. "ಇನ್ನೊಂದು ಕೇಳು. ಪಿನ್ನೇ ಇದ್ರೆ ಮನೇಲಿ ಕೀಳೋಕೆ ಹೋಗ್ಬೇಡ. ಅರಿಶಿನ ಒತ್ತೋದು, ಎಣ್ಣೆ ಕಾಯಿಸಿ ಬಿಡೋದು ಏನೂ ಬೇಡ. ಆ ಕಾಲು ಊರಿಸ್ದೆ ಸೀದಾ ಆಸ್ಪತ್ರೆಗೆ ಹಾಕ್ಕೊಂಡು ಹೋಗು. ತಿಳೀತಾ?"

ಫೋನ್ ಇಟ್ಟ ಮೇಲೂ ಒಂದೇ ಮಾತು ತಲೆಯಲ್ಲಿ ಸುತ್ತಿತು. ಕಾಲಿಗೆ ಬೀಳೋಕೆ ಬರ್ತದೆ.

ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಹೇಳಿಬಿಡಬೇಕೆಂದು ಮೂರು ಸಲ ಹಾಲಿನ ತನಕ ಹೋದಳು. ಒಂದು ಸಲ ಮಾವ ಫೋನಿನಲ್ಲಿದ್ದರು. ಇನ್ನೊಂದು ಸಲ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಮೂರನೆಯ ಸಲ ಸುಮ್ಮನೆ ಕೂತಿದ್ದರು, ಕೇಳಲು ಅಡ್ಡಿಯೇ ಇರಲಿಲ್ಲ. ಆಗ ಗೋಡೆಯ ಬೋರ್ಡು ಕಣ್ಣಿಗೆ ಬಿತ್ತು. ಮೂರು ಮೂಲೆಗೆ ಪಿನ್ನು, ನಾಲ್ಕನೆಯದು ಖಾಲಿ. 'ಪಿನ್ ಬೀಳಿಸಿದ್ದು ಯಾರು' ಎಂದು ಅತ್ತೆ ಕೇಳುವುದು, ತಾನು ತಲೆ ತಗ್ಗಿಸುವುದು, ಎಲ್ಲವೂ ಕಣ್ಣಮುಂದೆ ಬಂದು ಕಾಲು ಹಿಂದಕ್ಕೆ ಸರಿಯಿತು. ನೀರು ಕುಡಿಯಲು ಬಂದವಳಂತೆ ನೀರು ಕುಡಿದು ಒಳಗೆ ಹೋದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಎರಡು ಗಂಟೆಗೆ ಅಡುಗೆಮನೆಯಲ್ಲಿ ಅತ್ತೆಯ ಬೆನ್ನಿಗೆ ಹೇಳಿದಳು, "ಅತ್ತೆ, ಮಾವ ಹರಕೆಗೆ ಹೊರಡ್ತಿದಾರಲ್ಲ, ಪಾದ ತೊಳೆದು ಕಳಿಸೋಣ್ವಾ? ನಾನು ತೊಳೀತೀನಿ."

ಸುಬ್ಬಲಕ್ಷ್ಮಮ್ಮ ತಿರುಗಿ, ಸೌಟು ಹಿಡಿದೇ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ಮತ್ತೆ ಕಾಲದಲ್ಲಿ ಮಾಡ್ತಿದ್ರು ಕಣೇ! ಯಾತ್ರೆಗೆ ಹೋಗೋರಿಗೆಲ್ಲ ನಾನೇ ತೊಳ್ದಿದೀನಿ. ನಿಂಗ್ಯಾರು ಹೇಳ್ಕೊಟ್ರು? ಹಿತ್ತಾಳೆ ಹರಿವಾಣ ಅಟ್ಟದ ಮೇಲಿದೆ, ಇಳಿಸು. ಹುಣಸೆಹಣ್ಣು ಹಾಕಿ ಉಜ್ಜು, ಹೊಳೀಬೇಕು."

ಹರಿವಾಣ ದೊಡ್ಡದು, ಮಗುವನ್ನು ಕೂರಿಸುವಷ್ಟು. ಉಜ್ಜುತ್ತ ಉಜ್ಜುತ್ತ ಅವಳ ಬೆರಳಿನ ಉಂಗುರ ಅಂಚಿಗೆ ತಾಗಿ ಟಣ್ ಎಂದಿತು. ಅವಳ ಕೈ ನಿಂತಿತು. ಬಾಯಿಂದ ಬಾರದ ಮಾತನ್ನು ಈ ತಟ್ಟೆ ಆಡೀತು ಎನ್ನಿಸಿತು.

ಮೂರೂವರೆಗೆ ಚಂದ್ರು ಬಂದ. ಅವನ ಹಿಂದೆಯೇ ಹೆಗಲಿಗೆ ಚೀಲ ಹಾಕಿಕೊಂಡು ವೀರಭದ್ರಯ್ಯ ಬಂದರು. ತೋಟದಲ್ಲಿ ಕಾಯಿ ಕೀಳಿಸುವಾಗ ಕೂಗಿ ಕೂಗಿ ದಪ್ಪಗಾದ ಗಂಟಲು. "ಏನಯ್ಯಾ ಮೂರ್ತಿ, ರೆಡಿನಾ? ಓಹೋ, ಪಾದಪೂಜೆ ಬೇರೆ! ಎಣ್ಣೆ ಕೊಟ್ಟೋನು ನಾನು, ಪೂಜೆ ನಿನ್ ಕಾಲಿಗೆ."

"ನಿನ್ ಕಾಲು ತೊಳೆಯೋಕೆ ಹರಿವಾಣ ಸಾಲಲ್ಲ, ಟ್ಯಾಂಕರ್ ತರಿಸ್ಬೇಕು," ಎಂದರು ಮಾವ.

ಅತ್ತೆ ಹರಿವಾಣದ ಪಕ್ಕ ದೀಪ ಹಚ್ಚಿಟ್ಟು, ಚೊಂಬಿನಲ್ಲಿ ನೀರು ತಂದರು. ನಂದಿತಾ ಮೊಣಕೈ ತಾಗಿಸಿ ನೋಡಿದಳು. ಚುರ್ ಎಂದಿತು.

"ಬಿಸಿ ಜಾಸ್ತಿ ಇದೆ ಅತ್ತೆ."

"ಅವರು ದಿನಾ ಅಷ್ಟರಲ್ಲೇ ಸ್ನಾನ ಮಾಡೋದು. ಈಗೀಗ ಎಷ್ಟು ಬಿಸಿ ಇದ್ರೂ ಸಾಲಲ್ಲ ಅಂತಾರೆ."

ಅವಳು ಏನೂ ಹೇಳದೆ ಅರ್ಧ ಚೊಂಬು ತಣ್ಣೀರು ಬೆರೆಸಿದಳು. ಎದ್ದುಹೋಗಿ ಟಿ.ವಿ. ಆರಿಸಿದಳು, ಫ್ಯಾನೂ ಆರಿಸಿದಳು. "ದೀಪ ಆರುತ್ತೆ," ಎಂದಳು. ಹರಿವಾಣದ ಮುಂದೆ ಮಂಡಿಯೂರಿದಳು.

ಶಿವಮೂರ್ತಿ ಕುರ್ಚಿಯಲ್ಲಿ ಕೂತು ಪಂಚೆ ಸ್ವಲ್ಪ ಎತ್ತಿ ಎಡಗಾಲು ಇಟ್ಟರು. ಸದ್ದಿಲ್ಲ. ಬಲಗಾಲು ಇಟ್ಟರು.

ಟಣ್.

"ಏನಯ್ಯಾ ಅದು?" ವೀರಭದ್ರಯ್ಯ ಬಗ್ಗಿದರು. "ಕಾಲುಂಗುರ ಹಾಕ್ಕೊಂಡಿದೀಯಾ?"

ಎಲ್ಲರೂ ನಕ್ಕರು. ಮಾವನೂ ನಕ್ಕು, ತಮಾಷೆಗೆ ಬಲಗಾಲನ್ನೆತ್ತಿ ಮತ್ತೆ ಇಟ್ಟರು. ಟಣ್. ಈ ಸಲ ಯಾರೂ ನಗಲಿಲ್ಲ.

ನಂದಿತಾ ಎರಡೂ ಕೈಯಿಂದ ಅವರ ಹಿಮ್ಮಡಿ ಹಿಡಿದಳು. ಪಾದ ಮುಟ್ಟಿ ನಮಸ್ಕರಿಸುವ ಹಿಡಿತವಲ್ಲ ಅದು. ಪಾದ ಬಿಸಿಯಾಗಿತ್ತು, ಇನ್ನೊಂದಕ್ಕಿಂತ ಬಿಸಿ. ಮೆಲ್ಲಗೆ ಮೇಲೆತ್ತಿ ತಿರುಗಿಸಿದಳು.

ಹೆಬ್ಬೆರಳಿನ ಬುಡದ ದಪ್ಪ ಚರ್ಮದಲ್ಲಿ ಹಿತ್ತಾಳೆ ಬಣ್ಣದ ಗುಂಡು ತಲೆಯಷ್ಟೇ ಕಾಣುವಂತೆ ಪಿನ್ನು ಹುದುಗಿ ಕೂತಿತ್ತು. ಸುತ್ತ ಬಿಳಿಚಿಕೊಂಡ ಒದ್ದೆ ಚರ್ಮ, ಅದರಾಚೆ ಕೆಂಪು. ನಡೆದು ನಡೆದು ಪಿನ್ನಿನ ತಲೆ ತಿಕ್ಕಿ ಹೊಳೆಯುತ್ತಿತ್ತು.

"ಶಿವನೇ," ಎಂದು ಅತ್ತೆ ಕುಸಿದು ಕೂತರು. ಚಂದ್ರು ಕೀಳಲೆಂದು ಕೈ ಚಾಚಿದ.

"ಮುಟ್ಬೇಡಿ!"

ಆ ದನಿ ತನ್ನದೇ ಎಂದು ತಿಳಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಚಂದ್ರುವಿನ ಕೈ ಗಾಳಿಯಲ್ಲೇ ನಿಂತಿತು.

"ಪಿನ್ನು ನಂದು ಮಾವ," ಎಂದಳು. "ಬೋರ್ಡಿಂದ ಬಿದ್ದಿದ್ದು. ಗುರುವಾರ. ಹುಡುಕಿದೆ, ಸಿಗ್ಲಿಲ್ಲ. ಬೆಳಿಗ್ಗೆಯಿಂದ ಸದ್ದು ಕೇಳಿಸ್ತಿತ್ತು, ಹೇಳೋಕಾಗ್ಲಿಲ್ಲ."

ಬೈಗುಳಕ್ಕೆ ಕಾದಳು. ಆದರೆ ಶಿವಮೂರ್ತಿ ಅವಳ ಮಾತಿನಲ್ಲಿ ಬೇರೆಯದನ್ನೇ ಹಿಡಿದಿದ್ದರು.

"ಗುರುವಾರದಿಂದಾ?" ಅವರು ತಮ್ಮ ಅಂಗಾಲಿನತ್ತ ಬಗ್ಗಿ ತೋರುಬೆರಳಿನಿಂದ ಪಿನ್ನಿನ ಸುತ್ತ ಒತ್ತಿದರು. ಯಾರದೋ ಕಾಲನ್ನು ಒತ್ತಿದಂತೆ. "ನಿನ್ನೆ ಗುಬ್ಬಿಗೆ ಹೋಗಿದ್ನಲ್ಲ. ತೋಟ ಪೂರ್ತಿ ಸುತ್ತಿದೆ. ಬಸ್ಸಲ್ಲಿ ನಿಂತ್ಕೊಂಡೇ ಬಂದೆ." ತಲೆಯೆತ್ತಿ ವೀರಭದ್ರಯ್ಯನವರನ್ನು ನೋಡಿದರು. "ನೋಯ್ತಿಲ್ಲ ಕಣೋ. ಈಗ್ಲೂ ನೋಯ್ತಿಲ್ಲ."

ವೀರಭದ್ರಯ್ಯ ಹೆಗಲಿನ ಚೀಲ ಇಳಿಸಿದರು.

ಬಲಗಾಲು ನೆಲಕ್ಕೆ ತಾಗದಂತೆ ಚಂದ್ರು, ವೀರಭದ್ರಯ್ಯ ಇಬ್ಬರೂ ಹೆಗಲು ಕೊಟ್ಟು ಆಟೋಗೆ ಹತ್ತಿಸಿದರು. ಅತ್ತೆ ಬಾಗಿಲಲ್ಲೇ ನಿಂತು "ನೀನೂ ಹೋಗೇ, ಅವರಿಗೇನು ಗೊತ್ತು" ಎಂದು ನಂದಿತಾಳನ್ನು ತಳ್ಳಿದರು.

ಡಾಕ್ಟರು ಸಣ್ಣ ವಯಸ್ಸಿನವರು, ಹೆಚ್ಚು ಮಾತಿಲ್ಲ. ಎಕ್ಸ್‌ರೇ ತೆಗೆಸಿದರು, ಪಿನ್ನು ಕಿತ್ತರು. ಹಿಂದೆಯೇ ಒಂದಿಷ್ಟು ಕೀವು ಬಂತು. ಸತ್ತ ಚರ್ಮ ಕತ್ತರಿಸುವಾಗ ನಂದಿತಾ ಮುಖ ತಿರುಗಿಸಿದಳು. ಮಾವ ಮಾತ್ರ ಸೀಲಿಂಗ್ ನೋಡುತ್ತ ಆರಾಮವಾಗಿ ಮಲಗಿದ್ದರು. ಆ ಆರಾಮವನ್ನೇ ಅವಳಿಗೆ ನೋಡಲಾಗಲಿಲ್ಲ.

ಪಟ್ಟಿ ಕಟ್ಟುವ ಮುಂಚೆ ಡಾಕ್ಟರು ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದರು. ಮೊದಲು ಅದನ್ನು ಮಾವನ ಅಂಗೈಗೆ ಮುಟ್ಟಿಸಿ ತೋರಿಸಿದರು. "ಕಣ್ಣು ಮುಚ್ಚಿ ಯಜಮಾನ್ರೇ. ಕಾಲಿಗೆ ಹಿಂಗೆ ಮುಟ್ಟಿಸ್ತೀನಿ. ಗೊತ್ತಾದಾಗೆಲ್ಲ ಹೂಂ ಅನ್ನಿ."

ಕುಣಿಗಲ್ಲಿನಲ್ಲಿ ಪರದೆಯ ಹಿಂದೆ ಕೂತು ಆ 'ಹೂಂ'ಗಳನ್ನು ಅವಳು ನೂರಾರು ಸಲ ಕೇಳಿದ್ದಳು. ಈಗ ಪರದೆ ಇರಲಿಲ್ಲ. ಎಳೆ ಹೆಬ್ಬೆರಳ ತುದಿಗೆ ಒತ್ತಿ ಬಾಗಿತು. ಮಾವ ಸುಮ್ಮನಿದ್ದರು. ನಡುಬೆರಳು. ಕಿರುಬೆರಳು. ಬೆರಳ ಬುಡದಲ್ಲಿ ಮೂರು ಕಡೆ. ಅಂಗಾಲಿನ ನಡುವೆ. ಹಿಮ್ಮಡಿ. ಆಮೇಲೆ ಎಡಗಾಲಿಗೂ ಅಷ್ಟೇ. ಅವಳು ತುಟಿ ಕಚ್ಚಿಕೊಂಡು, ಒಂದಾದರೂ ಹೂಂ ಬರಲಿ ಎಂದು ಕಾದಳು.

ಮಾವ ಕಣ್ಣು ಮುಚ್ಚಿಕೊಂಡೇ, ಸ್ವಲ್ಪ ಬೇಸರದಿಂದ ಹೇಳಿದರು: "ಶುರು ಮಾಡಿ ಡಾಕ್ಟ್ರೇ."

"ಮುಗೀತು ಯಜಮಾನ್ರೇ."

ಅವರು ಕಣ್ಣು ತೆರೆದರು. ಡಾಕ್ಟರನ್ನು ನೋಡಲಿಲ್ಲ, ಸೊಸೆಯ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಹೌದು ಎನ್ನುವಂತೆ ಕತ್ತು ಆಡಿಸಿದಳು.

ಎಕ್ಸ್‌ರೇಯಲ್ಲಿ ಮೂಳೆಗೆ ತಾಗಿದಂತೆ ಕಾಣುವುದಿಲ್ಲ, ಆದರೆ ಈಗಲೇ ಏನೂ ಹೇಳಲಾಗದು, ಬುಧವಾರ ನೋಡೋಣ ಎಂದರು ಡಾಕ್ಟರು. ಇಂಜೆಕ್ಷನ್, ಔಷಧಿ, ಬಿಟ್ಟ ಮಾತ್ರೆ ಮತ್ತೆ ಶುರು. ಬಲಗಾಲಿನ ಮೇಲೆ ಭಾರ ಹಾಕಬಾರದು. ಗಾಯ ಮಾಗಿದ ಮೇಲೂ ಮನೆಯೊಳಗೇ ಆಗಲಿ, ತೋಟದಲ್ಲೇ ಆಗಲಿ ಬರಿಗಾಲಿಲ್ಲ. ಹಾಕಿಕೊಳ್ಳುವ ಮುಂಚೆ ಚಪ್ಪಲಿಯೊಳಗೆ ಕೈಯಾಡಿಸಿ ನೋಡಬೇಕು. ದಿನಕ್ಕೊಮ್ಮೆ ಯಾರಾದರೂ ಎರಡೂ ಅಂಗಾಲು, ಬೆರಳ ಸಂದಿ ನೋಡಬೇಕು. ಕೊನೆಗೆ ಪಾದದ ಮೇಲೆ, ಕೆಂಪು ಹರಡಿದ ಅಂಚಿನುದ್ದಕ್ಕೂ ನೀಲಿ ಪೆನ್ನಿನಲ್ಲಿ ಒಂದು ಗೆರೆ ಎಳೆದರು. "ಕೆಂಪು ಈ ಗೆರೆ ದಾಟಿದ್ರೆ, ಇಲ್ಲ ಚಳಿಜ್ವರ ಬಂದ್ರೆ, ಬುಧವಾರ ಅಂತ ಕಾಯ್ಬೇಡಿ. ಎಷ್ಟೊತ್ತಾದ್ರೂ ಬನ್ನಿ."

ಆಟೋದಲ್ಲಿ ಮಾವ ಪಟ್ಟಿ ಕಟ್ಟಿದ ಕಾಲನ್ನೇ ನೋಡಿದರು. ಆಮೇಲೆ, "ಉರಿ ವಾಪಸ್ ಬರ್ಲಿ ಅಂತ ಹರಕೆ ಹೊತ್ಕೋಬೇಕೇನೋ ಈಗ," ಎಂದರು. ಚಂದ್ರು ನಗಲು ಹೋಗಿ ನಿಲ್ಲಿಸಿಕೊಂಡ.

ಭಾನುವಾರ ಮನೆಯಲ್ಲಿ ಚಪ್ಪಲಿಯ ಜಗಳ. ಹೊಸ ಜೋಡಿ ಮೆತ್ತನೆಯ ಚಪ್ಪಲಿ ಒಳಗೆ ತಂದರೆ, "ದೇವರ ಮನೆ ಇರೋ ಕಡೆ ಮೆಟ್ಟು ಹಾಕ್ಕೊಂಡು ಓಡಾಡ್ತಾರಾ?" ಎಂದು ಸುಬ್ಬಲಕ್ಷ್ಮಮ್ಮ ರೇಗಿದರು. ಮಧ್ಯಾಹ್ನದ ಹೊತ್ತಿಗೆ ತಾವೇ ಅದರ ಅಟ್ಟೆ ಒರೆಸಿ, ಗಾಯ ಮಾಗಿದ ಮೇಲೆ ಹಾಕಿಕೊಳ್ಳಲೆಂದು ಮಂಚದ ಕೆಳಗೆ ಇಟ್ಟರು. ಬೋರ್ಡಿನ ಪಿನ್ನುಗಳನ್ನೆಲ್ಲ ಕಿತ್ತು ಎಸೆದು, ಬಿಲ್ಲುಗಳನ್ನು ದಾರದಲ್ಲಿ ಪೋಣಿಸಿದರು. ಪಿನ್ನಿನ ಬಗ್ಗೆ ನಂದಿತಾಳಿಗೆ ಒಂದು ಮಾತೂ ಆಡಲಿಲ್ಲ. ಸಂಜೆ ವೀರಭದ್ರಯ್ಯ ಬಂದು, ಎಣ್ಣೆಯ ಬಾಟಲಿಯನ್ನು ಯಾರೂ ಕೇಳದೆ ತಾವೇ ಚೀಲಕ್ಕೆ ಹಾಕಿಕೊಂಡರು. ಹೊರಡುವ ಮುಂಚೆ ಬಾಗಿಲ ಬಳಿ ನಿಂತು, "ನಂಗೂ ಐದು ವರ್ಷ ಆಯ್ತು ಕಣವ್ವ ಶುಗರ್ ಬಂದು," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದರು. ಅವಳು ಒಂದು ಕುರ್ಚಿ ಎಳೆದಿಟ್ಟು, "ಕೂತ್ಕೊಳ್ಳಿ. ಕಾಲು ಮೇಲಿಡಿ," ಎಂದಳು.

ಸೋಮವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಎದ್ದಳು. ನಿದ್ದೆಯಲ್ಲೂ ಗೆರೆಯೇ. ಮಾವ ಆಗಲೇ ಎದ್ದು, ಮಂಚದ ಅಂಚಿಗೆ ಕಾಲು ಚಾಚಿ ಕೂತಿದ್ದರು. ಎಡೆಯೂರು ಮುಟ್ಟಬೇಕಾಗಿದ್ದ ದಿನ. ಅವಳು ಕಿಟಕಿಯ ಪರದೆ ಸರಿಸಿ, ನೆಲದ ಮೇಲೆ ಕೂತು ಪಾದವನ್ನು ಬೆಳಕಿಗೆ ಹಿಡಿದಳು.

"ದಾಟಿದೆಯಾ?"

ಅವಳು ಪಟ್ಟಿಯ ಅಂಚಿನಿಂದ ಶುರುಮಾಡಿ ನೀಲಿ ಗೆರೆಯ ಗುಂಟ ನಿಧಾನವಾಗಿ ಕಣ್ಣು ನಡೆಸಿದಳು. ಕಿರುಬೆರಳಿನ ಕಡೆ ಕೆಂಪು ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಒಳಗೆ ಸರಿದಿತ್ತು. ಹೆಬ್ಬೆರಳಿನ ಕಡೆ ಮಾತ್ರ ಗೆರೆಗೆ ಒತ್ತಿಕೊಂಡೇ ನಿಂತಿತ್ತು.

"ಇಲ್ಲ ಮಾವ. ಒಳಗೇ ಇದೆ."

"ಸರಿಯಾಗಿ ನೋಡವ್ವ," ಎಂದರು ಶಿವಮೂರ್ತಿ. "ನಂಗೆ ಗೊತ್ತಾಗಲ್ಲ."

ಅವಳು ಇನ್ನಷ್ಟು ಬಗ್ಗಿ, ಮೊದಲಿನಿಂದ ಮತ್ತೆ ನೋಡತೊಡಗಿದಳು.